ಬಳಿಚೆಂಡಿನ ಖಣ

ಮೊದಲೇ ಕ್ಷಮೆ ಕೇಳಿಕೊಂಡುಬಿಡುವುದು ಒಳ್ಳೆಯದು. ಇದು ಒಂದು ಮನೆಯ ಒಳಗಿನ ಮಾತು, ಹೊರಗಿನವರು ಎತ್ತಿ ಆಡುವಂಥದ್ದಲ್ಲ. ಆ ಮನೆಯವರು, ಆ ಆಟ ಆಡಿದವರು ಮುಂಡರಗಿಯ ಸುತ್ತಮುತ್ತ ಇನ್ನೂ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದಿ ಹೀಗಲ್ಲ, ಹಾಗೆ ಎಂದರೆ ಅವರ ಮಾತೇ ನಿಜವೆಂದು ತಿಳಿಯಬೇಕು. ಹೇಳಲೋ ಬೇಡವೋ ಎಂದು ಬಹಳ ದಿನ ಹಿಂದೆಮುಂದೆ ನೋಡಿದ್ದಾಯಿತು. ಹೇಳದೆ ಇಟ್ಟುಕೊಂಡರೂ ಸರಿಯಲ್ಲ ಅನ್ನಿಸಿದ್ದರಿಂದ, ಕೇಳಿದ್ದಷ್ಟನ್ನು ಅಂಜುತ್ತಲೇ ಹೇಳುವುದಾಗಿದೆ.

ಮುಂಡರಗಿಯ ಕೋಟೆ ಓಣಿಯಲ್ಲಿ ಸಾವಂತ್ರೆವ್ವ ಎಂಬಾಕೆ ಕುಬಸ ಹೊಲಿಯುತ್ತಿದ್ದಳು. ಕರ್ನಾಟಕ ಒಂದಾಗುತ್ತದೆ, ಮುಂಬಯಿ ಸರಕಾರ ಹೋಗುತ್ತದೆ ಎಂದು ಊರಿನ ಕಟ್ಟೆಗಳ ಮೇಲೆಲ್ಲ ಮಾತು ನಡೆದಿದ್ದ ಕಾಲ. ಸಾವಂತ್ರೆವ್ವನಿಗೆ ಆ ಮಾತಿನ ಮೇಲೂ ನಂಬಿಕೆ ಇರಲಿಲ್ಲ. ಆಕೆಗೆ ನಂಬಿಕೆ ಇದ್ದದ್ದು ಕಡಿಮೆ. ಹಾಲು ಹಾಕುವವಳು ಎದುರಿಗೇ ಅಳೆಯಬೇಕು, ಅರಿವೆ ತಂದವರು ಎದುರಿಗೇ ಬಿಚ್ಚಿ ತೋರಿಸಬೇಕು, ಬಾಗಿಲಲ್ಲಿ ಯಾರಾದರೂ ಸುಮ್ಮನೆ ನಕ್ಕರೆ ಅದಕ್ಕೊಂದು ಕಾರಣ ಬೇಕು. ಗಂಡ ಪುಂಡಲೀಕಪ್ಪ ಹತ್ತಿಯ ಅಂಡಿಗೆ ಹೊರುವ ಹಮಾಲ, ಯಾರ ಗೊಡವೆಗೂ ಹೋಗದ ಮನುಷ್ಯ. ಇಬ್ಬರಿಗೂ ಒಬ್ಬಳೇ ಮಗಳು, ರೇಣುಕವ್ವ. ಹೆಣ್ಣುಮಕ್ಕಳ ಶಾಲೆಯಲ್ಲಿ ಆರನೆಯ ಇಯತ್ತೆ.

ಮಗಳು ಏಳನೆಯದನ್ನೂ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾಗಬೇಕು ಎಂಬುದು ಸಾವಂತ್ರೆವ್ವನ ಹಟ. ಮುಲ್ಕಿ ಪಾಸಾದವಳು ಮಾಸ್ತರಿಕೆ ಮಾಡಬಹುದು, ಸೂಜಿ ಹಿಡಿದು ಕಣ್ಣು ಕಳೆದುಕೊಳ್ಳಬೇಕಿಲ್ಲ. ಆದರೆ ರೇಣುಕವ್ವಳ ಲಗ್ನದ ಮಾತು ಚಿಕ್ಕವಳಿದ್ದಾಗಲೇ ಆಗಿಹೋಗಿತ್ತು. ಪುಂಡಲೀಕಪ್ಪನ ಅಕ್ಕ ಶಂಕ್ರೆವ್ವ ಡೋಣಿಯಲ್ಲಿ ಇದ್ದಳು. ಅವಳ ಮಗ ಯಮನೂರಪ್ಪನಿಗೆ ಈ ಹುಡುಗಿ ಎಂದು ಹಿರಿಯರು ಒಪ್ಪಿಕೊಂಡಿದ್ದರು. ಓದಿನ ಸಲುವಾಗಿ ಸಾವಂತ್ರೆವ್ವ ನಾದಿನಿಯ ಕೈಕಾಲು ಹಿಡಿದು ಮುಲ್ಕಿ ಆಗುವ ತನಕ ತಡೆಯಿರಿ ಎಂದು ಬೇಡಿಕೊಂಡಿದ್ದಳು. ಶಂಕ್ರೆವ್ವ ಒಪ್ಪಿದ್ದಳು. ಒಪ್ಪುವಾಗ ಒಂದು ಮಾತು ಸೇರಿಸಿದ್ದಳು: "ಆತು, ಕಾಯ್ತೀವಿ. ಆದ್ರ ಹುಡಿಗಿ ಬಗ್ಗೆ ಒಂದ ಸೊಲ್ಲು ಕಿವಿಗೆ ಬಿತ್ತಂದ್ರ, ಮರುದಿನಾನ ಚಕ್ಕಡಿ ಕಟಗೊಂಡ ಬರ್ತೀನಿ. ಮುಲ್ಕಿನೂ ಇಲ್ಲ, ಗಿಲ್ಕಿನೂ ಇಲ್ಲ."

ಆ ಸೊಲ್ಲು ಯಾವ ದಿಕ್ಕಿನಿಂದ ಬಂದೀತು ಎಂದು ಸಾವಂತ್ರೆವ್ವ ಅಂದಿನಿಂದ ಕಾಯುತ್ತಲೇ ಇದ್ದಳು.

ಅದು ಬಂದದ್ದು ಶಾಲೆಯ ದಿಕ್ಕಿನಿಂದ. ಲಕ್ಷ್ಮೇಶ್ವರದ ಶಮಶಾದಬಿ ಎಂಬ ಹೊಸ ಶಿಕ್ಷಕಿ ಧಾರವಾಡದಲ್ಲಿ ತರಬೇತಿ ಮುಗಿಸಿ ಶಾಲೆಗೆ ಬಂದಿದ್ದಳು. ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ತಲೆ ತಗ್ಗಿಸಿ ನಡೆಯುವ ಹುಡುಗಿಯಂಥ ಹೆಂಗಸು. ಒಂದು ದಿನ ಆಕೆ ಕೈಯಲ್ಲಿ ಹಳೆಯ ಡೇರೆ ಬಟ್ಟೆಯ ತುಂಡು ಹಿಡಿದುಕೊಂಡು ಸಾವಂತ್ರೆವ್ವನ ಮಷಿನ್ನಿನ ಮುಂದೆ ಬಂದು ನಿಂತಳು. ರಬ್ಬರಿನ ಬ್ಲಾಡರಿಗೆ ಗುಂಡಗೆ ಒಂದು ಚೀಲ ಹೊಲಿದುಕೊಡಬೇಕು ಎಂದಳು.

"ಇದು ಎದಕ್ರಿ ಅಕ್ಕಾರ?"

"ಚೆಂಡು ಮಾಡಾಕ್ರಿ. ಹುಡಿಗ್ಯಾರಿಗೆ ಒಂದ ಆಟ ಕಲಸಾವ್ರಿ. ನೆಟ್‌ಬಾಲ್ ಅಂತಾರ ಅದಕ್ಕ. ಖರೆ ಆಟಕ್ಕ ಏಳ ಮಂದಿ ಬೇಕು, ಕಾಯ್ದೆ ಬಾಳ. ನಾವು ಸಣ್ಣವರಿಗೆ ಸರಳ ಮಾಡೇವಿ, ಐದ ಮಂದಿದು."

"ಹೆಣ್ಮಕ್ಕಳು ಓಡಿ ಓಡಿ ಚೆಂಡು ಆಡೋದ?"

"ಚೆಂಡು ಕೈಯಾಗ ಇದ್ದಾಗ ಓಡಂಗಿಲ್ರಿ. ಹಿಡದಾಕಿ ಅಲ್ಲೇ ನಿಂದ್ರಬೇಕು. ಜಲ್ದಿ ಇನ್ನೊಬ್ಬಾಕಿಗೆ ಒಗೀಬೇಕು. ಆಕಡಿ ಕಂಬಕ್ಕ ಒಂದ ಕಬ್ಬಿಣದ ಬಳಿ, ಅದರಾಗ ಹಾಕಬೇಕು."

"ಕಸಗೋಳಾಕ ಬರ್ತಾರಲ್ಲ ಅವರು?"

"ಮೈ ಮುಟ್ಟಂಗಿಲ್ರಿ."

ಸಾವಂತ್ರೆವ್ವ ಬಟ್ಟೆಯನ್ನು ತಿರುಗಿಸಿ ನೋಡಿದಳು. "ಓಡಂಗಿಲ್ಲ, ಮುಟ್ಟಂಗಿಲ್ಲ, ಕಸಗೊಳ್ಳಂಗಿಲ್ಲ. ಹಂಗಾದ್ರ ಇದು ಆಟಾನೋ, ದೊಡ್ಡವರ ಮನ್ಯಾಗ ಕುಂಡ್ರಾಕ ಕಲಸೋದೋ?"

ಶಿಕ್ಷಕಿ ನಕ್ಕಳು. ಆ ನಗೆಗೆ ಕಾರಣ ಏನಿದ್ದೀತು ಎಂದು ಸಾವಂತ್ರೆವ್ವ ಚೀಲ ಹೊಲಿಯುವ ತನಕವೂ ಯೋಚಿಸಿದಳು.

ಕಮ್ಮಾರನೊಬ್ಬ ಹಳೆಯ ಗಾಲಿಯ ಪಟ್ಟಿ ಬಡಿದು ಎರಡು ಬಳೆ ಮಾಡಿಕೊಟ್ಟ. ಶಾಲೆಯ ಹಿಂದಿನ ಬಯಲಲ್ಲಿ ಎರಡು ಕಂಬ ನಿಂತವು. ಬೂದಿಯಿಂದ ಗೆರೆ ಬಿದ್ದವು. ಹುಡುಗಿಯರ ಬಾಯಲ್ಲಿ ನೆಟ್‌ಬಾಲ್ ನಿಲ್ಲಲಿಲ್ಲ, ಎರಡೇ ದಿನದಲ್ಲಿ ಅದು ಬಳಿಚೆಂಡಾಯಿತು. ರೇಣುಕವ್ವ ಮನೆಗೆ ಬಂದು ಒಲೆಯ ಮುಂದೆ ನಿಂತು, ಕೈಯಲ್ಲಿ ಬದನೆಕಾಯಿ ಹಿಡಿದು, ಮೊಳಕಾಲು ಬಗ್ಗಿಸಿ, ನೆಲುವಿನ ಮೇಲಿನ ಗಡಿಗೆಗೆ ಗುರಿ ಹಿಡಿಯುವುದನ್ನು ಕಲಿತಳು. ಪುಂಡಲೀಕಪ್ಪ ಉಣ್ಣುತ್ತ ಕೂತಲ್ಲಿಂದಲೇ ಎಣಿಸುತ್ತಿದ್ದ. ಸಾವಂತ್ರೆವ್ವ ಬೈಯುತ್ತಿದ್ದಳು. ಆದರೂ ಆಟ ಬಿಡು ಎನ್ನಲಿಲ್ಲ. ಆಟ ಬಿಡಿಸಿದರೆ ಶಾಲೆಯನ್ನೂ ಬಿಡಿಸಿದಳು ಎಂದು ಯಾರಾದರೂ ಡೋಣಿಗೆ ಹೇಳಿಯಾರು ಎಂಬ ಅಂಜಿಕೆ.

ದೀಪಾವಳಿ ಕಳೆದ ಮೇಲೆ ಗದಗಿನಿಂದ ಮಹಿಳಾ ಮಂಡಳದ ಕೆಲವರು ಶಾಲೆ ನೋಡಲು ಬಂದರು. ಅವರಲ್ಲಿ ಮುಂದಾಳು ನೀಲಗಂಗವ್ವ, ಹತ್ತಿಯ ದೊಡ್ಡ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು. ಆ ದಿನ ಸಾವಂತ್ರೆವ್ವ ಲಗ್ನದ ಮನೆಯೊಂದರ ಕುಬಸ ಹೊಲಿಯುತ್ತ ಕೂತುಬಿಟ್ಟಿದ್ದಳು, ಹೋಗಲಿಲ್ಲ. ಸಂಜೆ ರೇಣುಕವ್ವ ಮನೆಗೆ ಬಂದಾಗ ಅವಳ ಲಂಗದ ಉಡಿ ಉಬ್ಬಿತ್ತು.

"ಏನ ಬೇ ಅದು?"

"ನಾವು ಗೆದ್ವಿ ಯವ್ವಾ. ಗದಗಿನ ಬಾಯಾರು ಐದೂ ಮಂದಿಗೆ ಉಡಿ ತುಂಬಿದ್ರು. ಸೋತವರಿಗೆ ಬತ್ತಾಸ ಕೊಟ್ರು."

ಸಾವಂತ್ರೆವ್ವ ಮಷಿನ್ನಿನ ಗಾಲಿಯ ಮೇಲೆ ಕೈ ಇಟ್ಟು ನಿಲ್ಲಿಸಿದಳು. ಉಡಿಯಲ್ಲಿ ಅಕ್ಕಿ ಇತ್ತು, ಕಾಯಿ ಇತ್ತು, ಮಡಿಸಿದ ಒಂದು ಕುಬಸದ ಖಣ ಇತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾದ ಹೆಣ್ಣಿಗೆ ಉಡಿ ತುಂಬುವುದು ದಿನದ ಮಾತು, ಅದರಲ್ಲಿ ಏನೂ ಇಲ್ಲ. ಮದುವೆಯಾಗದ ಹುಡುಗಿಗೆ, ಬೇರೆ ಮನೆಯ ಮುತ್ತೈದೆಯೊಬ್ಬಳು, ನಾಲ್ಕು ಮಂದಿಯ ಎದುರು ಖಣ ಇಟ್ಟು ಉಡಿ ತುಂಬಿದರೆ ಅದರ ಅರ್ಥ ಬೇರೆ. ಈ ಹುಡುಗಿ ನಮ್ಮ ಮನೆಗೆ ಎಂದು ಗುರುತು ಹಾಕಿದ ಹಾಗೆ. ಸಾವಂತ್ರೆವ್ವ ಸ್ವತಃ ಈ ಮನೆಗೆ ಬಂದದ್ದು ಹಾಗೆಯೇ. ಒಂದು ತೊಟ್ಟಿಲ ಕಾರ್ಯದಲ್ಲಿ, ಇನ್ನೂ ಆಡುವ ಹುಡುಗಿ, ಯಾರೋ ಮುದುಕಿ ಕರೆದು ಉಡಿ ತುಂಬಿದಳು. ಕಾಯಿ ಸಿಕ್ಕಿತೆಂದು ಕುಣಿಯುತ್ತ ಮನೆಗೆ ಹೋದರೆ ತಾಯಿ ಗೋಡೆಗೆ ತಲೆ ಹಚ್ಚಿ ಅತ್ತಳು. ಆ ಮುದುಕಿಯೇ ಪುಂಡಲೀಕಪ್ಪನ ತಾಯಿ, ಡೋಣಿಯ ಶಂಕ್ರೆವ್ವನ ತಾಯಿ.

"ಉಡ್ಯಾಗ ಮತ್ತೇನ ಇತ್ತು?" ಎಂದು ಸಾವಂತ್ರೆವ್ವ ಕೇಳಿದಳು. ನಿಶ್ಚಯದ ಉಡಿಗೆ ಉತ್ತತ್ತಿ, ಅರಿಷಿಣ ಬೇರು, ಅಡಿಕೆ ಎಲ್ಲ ಇರಬೇಕು.

"ಉತ್ತತ್ತಿ ಇತ್ತು. ಇತ್ತೋ, ಬೆಲ್ಲ ಇತ್ತೋ. ದಾರ್ಯಾಗ ತಿಂದ್ವಿ."

"ಅರಿಷಿಣ ಬೇರು?"

"ನಾ ಏನ ನೋಡ್ಲಿಲ್ಲ ಬೇ. ಬಾಜೂ ಮನಿ ಹಸೀನಾ ಒಂದ ಏನೋ ಕಡದು ಕಹಿ ಐತಿ ಅಂತ ಉಗುಳಿದ್ಲು."

"ಅಕೀ ಉಡ್ಯಾಗಿಂದೋ, ನಿನ್ನ ಉಡ್ಯಾಗಿಂದೋ?"

"ಎಲ್ಲಾರೂ ಕೂಡಿ ತಿಂದ್ವೆಲ್ಲ."

ಸಾಕ್ಷಿ ಹೊಟ್ಟೆಗೆ ಹೋಗಿತ್ತು. ಆದರೆ ಖಣ ಉಳಿದಿತ್ತು.

ಮುಂದಿನ ಎರಡು ದಿನಗಳಲ್ಲಿ ಉಳಿದ ನಾಲ್ಕು ಹುಡುಗಿಯರ ತಾಯಂದಿರೂ ತಮ್ಮ ತಮ್ಮ ಖಣ ತಂದು ಹೊಲಿಯಲು ಕೊಟ್ಟರು. ಹೊಲಿಯುವವಳು ಓಣಿಗೆ ಒಬ್ಬಳೇ, ಇನ್ನೆಲ್ಲಿಗೆ ಹೋದಾರು. ಸಾವಂತ್ರೆವ್ವ ಬಾಗಿಲು ಮುಂದೆ ಮಾಡಿ ಐದನ್ನೂ ಚಾಪೆಯ ಮೇಲೆ ಹರವಿದಳು. ಅವುಗಳಲ್ಲಿ ನಾಲ್ಕು ನೂಲಿನವು, ಮಗ್ಗದ ಒಂದೇ ಹಾಸಿನಿಂದ ಕತ್ತರಿಸಿದವು. ಒಂದರ ಪಕ್ಕ ಒಂದು ಇಟ್ಟರೆ ಬುಟ್ಟಾದ ಸಾಲು ಕೂಡಿಕೊಂಡು ಹೋಗುತ್ತಿತ್ತು. ಐದನೆಯದು ಕೂಡಲಿಲ್ಲ. ಅದಕ್ಕೆ ರೇಷ್ಮೆಯ ದಡಿ ಇತ್ತು. ಆ ಐದನೆಯದು ರೇಣುಕವ್ವಳದು.

ಪುಂಡಲೀಕಪ್ಪ ಮನೆಗೆ ಬಂದೊಡನೆ ಅವನನ್ನು ಚಾಪೆಯ ಮುಂದೆ ಕೂಡಿಸಿದಳು.

"ನೋಡ್ರಿ ಇದನ್ನ."

ಅವನು ನೋಡಿದ. "ಛಲೋ ಐತಿ."

"ಛಲೋ ಇದ್ದದ್ದ ಖೊಟ್ಟಿ ಇದರಾಗ. ನಮ್ಮ ಹುಡಿಗಿಗಷ್ಟ ಯಾಕ ರೇಷ್ಮಿ ದಡಿ?"

"ಹಾಸು ನಾಕಕ್ಕ ಮುಗದಿರಬೇಕು. ಐದನೇದು ಮನ್ಯಾಗಿಂದು ತಂದಿರಬೇಕು."

"ಮುಗೀಲಿ. ಐದನೇದು ನಮ್ಮ ಹುಡಿಗಿ ಉಡಿಗೇ ಯಾಕ ಬಂತು?"

"ಯಾರದರ ಉಡಿಗೆ ಬರಬೇಕಲ್ಲ ಅದು."

"ನಿಮಗ ಅಂಡಿಗಿ ಹೊರೋದೊಂದ ತಿಳೀತೈತಿ."

"ಅಂಡಿಗಿ ಒಳಗ ಏನ ಐತಿ ಅಂತ ನಾ ಯಾವತ್ತೂ ಬಿಚ್ಚಿ ನೋಡಿಲ್ಲ. ಅದಕ್ಕ ಬೆನ್ನೊಂದ ನೋಯ್ತೈತಿ, ತಲಿ ನೋಯಂಗಿಲ್ಲ," ಎಂದು ಅವನು ಕಾಲು ತೊಳೆಯಲು ಎದ್ದುಹೋದ.

ಸಾವಂತ್ರೆವ್ವನ ತಲೆ ನಿಲ್ಲಲಿಲ್ಲ. ನೀಲಗಂಗವ್ವನಿಗೆ ಒಬ್ಬ ಮಗನಿದ್ದಾನೆ ಎಂದು ಗದಗಿನ ಪೇಟೆಗೆ ಹೋಗಿಬರುವವರೊಬ್ಬರು ಹೇಳಿದ್ದರು. ತಮ್ಮ ಪೈಕಿಯೇ, ಕುಲಕ್ಕೆ ತೊಡಕಿಲ್ಲ. ಅಂಥ ಮನೆಗೆ ಹಮಾಲನ ಮಗಳು ಯಾಕೆ ಬೇಕು? ಹುಡುಗನಲ್ಲಿ ಏನೋ ಊನ ಇರಬೇಕು. ಕಾಲು ಕುಂಟೋ, ಮೂರ್ಛೆಯೋ. ಇಲ್ಲವೆಂದರೆ ಮೊದಲೊಬ್ಬಳು ಇದ್ದು ಸತ್ತಿರಬೇಕು. ಹೆಣ್ಣು ನೋಡಲು ಬಂದೆವೆಂದರೆ ಊರು ಕಾರಣ ಕೇಳುತ್ತದೆ, ಶಾಲೆ ನೋಡಲು ಬಂದೆವೆಂದರೆ ಕುರ್ಚಿ ಹಾಕುತ್ತದೆ. ಓಡುವುದು, ಬಗ್ಗುವುದು, ಕಣ್ಣಿನ ಗುರಿ, ಕೈಯ ಬಲ ಎಲ್ಲವನ್ನೂ ಕುಳಿತಲ್ಲೇ ನೋಡಿದ್ದಾಯಿತು. ಕನ್ಯೆ ನೋಡಲು ಹೋದವರು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ, ಇವರು ಮೈದಾನವೆಲ್ಲ ಓಡಿಸಿ ನೋಡಿದ್ದಾರೆ.

ಮಗಳನ್ನು ಮತ್ತೆ ಕೂಡಿಸಿ ಕೇಳಿದಳು. ಬಾಯಾರು ಏನು ಮಾತಾಡಿಸಿದರು? ಹೆಸರು ಕೇಳಿದರು. ಅಪ್ಪನ ಹೆಸರು ಕೇಳಿದರು. ಅವ್ವನ ತವರು ಯಾವೂರು ಎಂದು ಕೇಳಿದರು.

"ಎಲ್ಲಾರಿಗೂ ಕೇಳಿದ್ರೇನು ತವರೂರು?"

"ನನಗ ಕೇಳಿದ್ದು ಗೊತ್ತೈತಿ. ನಾನ ಅವರ ಸಮೀಪ ಇದ್ದೆ. ಅವತ್ತ ಬಳಿ ಕಂಬದ ಹಂತ್ಯಾಕ ನಾನ ನಿಂತಿದ್ದೆ, ಆಟ ಮುಗಿಯೋತನಾ."

"ಆಟ ಮುಗಿಯೋತನಾ? ಪಾಳಿ ಬದಲಿ ಮಾಡ್ತಾರ ಅಂದಿದ್ದೆಲ್ಲ?"

"ಅವತ್ತ ಮಾಡ್ಲಿಲ್ಲ."

ಮರುದಿನ ಸಾವಂತ್ರೆವ್ವ ಚೆಂಡಿನ ಚೀಲ ಎಲ್ಲಾದರೂ ಬಿಚ್ಚಿದೆಯೋ ನೋಡುವ ನೆವ ಮಾಡಿಕೊಂಡು ಶಾಲೆಯ ಹಿಂದಿನ ಬಯಲಿಗೆ ಹೋದಳು. ಆಟ ನಡೆದಿತ್ತು. ಆಕೆ ಮೊದಲ ಸಲ ಅದನ್ನು ಕಣ್ಣಾರೆ ನೋಡಿದ್ದು. ಚೆಂಡು ಬಂದವಳು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲುತ್ತಿದ್ದಳು, ಸುತ್ತಲಿನವರು ಅತ್ತಿತ್ತ ಓಡಿ ಕೈ ಎತ್ತಿ "ನನಗ, ನನಗ" ಎನ್ನುತ್ತಿದ್ದರು. ಆಟದ ಹೊರಗಿದ್ದವರೂ ಸುಮ್ಮನೆ ಕೂತಿರಲಿಲ್ಲ. ಒಬ್ಬಳು ಗಂಟೆ ಹಿಡಿದಿದ್ದಳು, ಒಬ್ಬಳು ಹುಣಸೆ ಬೀಜ ಇಟ್ಟು ಗೆಲುವು ಎಣಿಸುತ್ತಿದ್ದಳು, ಒಬ್ಬಳು ಬೇಲಿಯಾಚೆ ಹೋದ ಚೆಂಡು ತರುತ್ತಿದ್ದಳು. ಗಂಟೆ ಬಾರಿಸಿದೊಡನೆ ಎಲ್ಲರೂ ಜಾಗ ಬದಲಿಸಿದರು. ಬಳೆಯ ಹತ್ತಿರ ನಿಂತವಳು ಬೀಜ ಎಣಿಸಲು ಬಂದಳು, ಗಂಟೆಯವಳು ಒಳಗೆ ಹೋದಳು. ರೇಣುಕವ್ವ ಆಗ ಬೇಲಿಯ ಕಡೆ ಇದ್ದಳು. ತಾಯಿಯನ್ನು ಕಂಡು ಮುಖ ಆಚೆ ತಿರುಗಿಸಿದಳು.

"ದಿನಾ ಹಿಂಗ ಪಾಳಿ ಬದಲಿ ಆಗ್ತೈತೇನ್ರಿ ಅಕ್ಕಾರ?"

"ಆಗಬೇಕ್ರಿ. ಅದ ಈ ಆಟದ ಮುಖ್ಯ ಕಾಯ್ದೆ. ಒಬ್ಬಾಕಿನ ಗೆದ್ದು ಮೆರೀಬಾರದು, ಎಲ್ಲಾರಿಗೂ ಎಲ್ಲಾ ಕೆಲಸ ಬರಬೇಕು."

"ಗದಗಿನವರು ಬಂದಾಗ ಅದ್ಯಾಕ ಆಗ್ಲಿಲ್ಲ?"

ಶಮಶಾದಬಿ ಸೆರಗು ಸರಿ ಮಾಡಿಕೊಂಡಳು. "ಅವತ್ತ ಆ ಕಡೀನ ಕುರ್ಚಿ ಹಾಕಿದ್ವಿ. ಕುರ್ಚೇದ ಮುಂದ ನಿಂದ್ರಾಕ ಬ್ಯಾರೆ ಹುಡಿಗ್ಯಾರು ನಾಚಿಕೊಂಡ್ರು. ನಿಮ್ಮಾಕಿ ಒಬ್ಬಾಕಿ ನಾಚಲಿಲ್ಲ. ಹೋಗ್ಲಿ ಅಂತ ಬಿಟ್ಟೆ."

"ನೀಲಗಂಗವ್ವಾರು ನಿಮಗ ಮೊದಲಿಂದ ಗುರುತಿನವರೇನು?"

"ಇಲ್ರಿ. ಬರ್ತೀವಿ ಅಂದ್ರು, ಬರ್ರಿ ಅಂದ್ವಿ."

"ಉಡಿ ತುಂಬಾಕ ನೀವು ಹೇಳಿದ್ರೇನು?"

"ಬಹುಮಾನ ಏನ ಕೊಡಬೇಕು ಅಂತ ಕೇಳಿದ್ರು. ನಾನು ಏನರ ಕೊಡ್ರಿ ಅಂದೆ." ಅವಳು ಕೆಳಗೆ ನೋಡುತ್ತ ಬೂದಿಯ ಗೆರೆಯನ್ನು ಚಪ್ಪಲಿಯಿಂದ ತಿದ್ದಿದಳು. ಆಮೇಲೆ ಕೇಳಿದಳು: "ರೇಣುಕಾಂದು ಎಲ್ಲೆರ ಮಾತು ಆಗೇತೇನ್ರಿ?"

ಸಾವಂತ್ರೆವ್ವ ಒಂದು ಹೆಜ್ಜೆ ಹಿಂದೆ ಸರಿದಳು. "ನಿಮಗ್ಯಾಕ್ರಿ ಅದು?"

"ಏನಿಲ್ರಿ. ಶಾಲಿ ಬಿಡಸ್ತೀರೇನೋ ಅಂತ ಕೇಳಿದೆ. ಮುಲ್ಕಿಗೆ ಕುಂಡ್ರಬೇಕಾದ ಹುಡಿಗಿ ಅದು."

ಉತ್ತರ ಚೆನ್ನಾಗಿತ್ತು, ಚೆನ್ನಾಗಿದ್ದದ್ದೇ ಸಾವಂತ್ರೆವ್ವನಿಗೆ ಹಿಡಿಸಲಿಲ್ಲ. ಮನೆಗೆ ಹೋಗುತ್ತ ದಾರಿಯಲ್ಲಿ ಎರಡು ಸಲ ಹಿಂದೆ ತಿರುಗಿ ನೋಡಿದಳು. ಶಿಕ್ಷಕಿ ಅಲ್ಲೇ ನಿಂತು ಇವಳನ್ನೇ ನೋಡುತ್ತಿದ್ದಳು. ಇವಳು ತಿರುಗಿ ನೋಡಿದ್ದಕ್ಕೆ ನೋಡಿದಳೋ, ಮೊದಲಿನಿಂದ ನೋಡುತ್ತಿದ್ದಳೋ.

ಖಣವನ್ನು ಗದಗಿಗೆ ಹೋಗಿ ತಿರುಗಿ ಕೊಟ್ಟುಬಿಡಲೇ ಎಂದು ಯೋಚಿಸಿದಳು. ಕೊಟ್ಟರೆ ಉಡಿ ನಿಜವೆಂದು ಒಪ್ಪಿಕೊಂಡ ಹಾಗೆ, ಬಂದ ಸಂಬಂಧ ಒದ್ದ ಹಾಗೆ, ಆ ಸುದ್ದಿ ಮೋಟಾರು ಹತ್ತಿ ತನಗಿಂತ ಮೊದಲೇ ಮುಂಡರಗಿಗೆ ಬರುತ್ತದೆ. ಇಟ್ಟುಕೊಂಡರೆ ಒಪ್ಪಿದ ಹಾಗೆ. ಖಣ ಟ್ರಂಕಿನ ತಳಕ್ಕೆ ಹೋಯಿತು. ದಿನಕ್ಕೊಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋಯಿತು.

ಸಂತೆಯ ದಿನ ಶಂಕ್ರೆವ್ವ ಬಂದಳು. ಚಕ್ಕಡಿ ಹೊರಗೆ ಬಿಟ್ಟು, ಕಾಲಿಗೆ ನೀರು ಸಹ ತೆಗೆದುಕೊಳ್ಳದೆ, ಮಷಿನ್ನಿನ ಪಕ್ಕದ ಗೋಡೆಗೆ ಆನಿಸಿ ಕೂತಳು. ಪುಂಡಲೀಕಪ್ಪ ಕೆಲಸಕ್ಕೆ ಹೋಗಿದ್ದ. ರೇಣುಕವ್ವ ಮೂಲೆಯಲ್ಲಿ ಸೇಂಗಾ ಸುಲಿಯುತ್ತಿದ್ದಳು.

"ಬರ್ರಿ ಯಕ್ಕಾ. ಆರಾಮೇನ್ರಿ?"

"ಆರಾಮ ನಿಮಗ. ಗದಗಿನ ಬೀಗರು ಆಗ್ಯಾರಂತಲ್ಲ."

"ಯಾರ ಹೇಳಿದ್ರ್ಯಕ್ಕಾ?"

"ಯಾರ ಹೇಳಿದ್ರ ಏನು. ಹುಡಿಗೀನ್ನ ಕುರ್ಚೇದವರ ಮುಂದ ಕುಣಿಸಿ, ಉಡಿ ತುಂಬಿಸಿ ಕಳಸಿದ್ರು ಅಂತ ನಮ್ಮೂರ ಬಾವಿಕಟ್ಟೀಗೆ ಬಂದೈತಿ."

"ಅದು ಆಟದ ಬಹುಮಾನ್ರಿ."

ಶಂಕ್ರೆವ್ವ ಎಲೆಯಡಿಕೆಯ ಚೀಲ ಬಿಚ್ಚಿದಳು. "ಸಾವಂತ್ರಿ, ನಿನ್ನ ಉಡಿ ತುಂಬಿದ್ದು ನಮ್ಮವ್ವ. ಏನಂತ ತುಂಬಿದ್ಲು? ಹುಡಿಗಿ ಛಂದ ಹಾಡಿತು, ಅದಕ್ಕ ತುಂಬ್ತೀನಿ ಅಂದ್ಲು. ನಮ್ಮ ಮನಿ ವಿದ್ಯೇನ ನಮಗ ಕಲಸ್ತೀ ಏನು? ನಾಳೆ ಬೆಳಗ್ಗೆ ಹುಡಿಗಿ ನನ್ನ ಕೂಡ ಡೋಣಿಗೆ ಬರ್ಲಿ. ನನ್ನ ಕಣ್ಣ ಮುಂದ ಇರ್ಲಿ. ಲಗ್ನದ ಮಾತು ಉಗಾದಿಗೆ ಆಡೂಣು."

ಸೇಂಗಾ ಸುಲಿಯುವ ಸದ್ದು ನಿಂತಿತು.

ಒಂದು ವಾರದಿಂದ ಸಾವಂತ್ರೆವ್ವ ತನಗೆ ತಾನೇ ಹೇಳಿಕೊಂಡದ್ದನ್ನೇ ಶಂಕ್ರೆವ್ವ ಹೇಳುತ್ತಿದ್ದಳು. ಒಂದು ಅಕ್ಷರವೂ ಸುಳ್ಳು ಎನ್ನಿಸಲಿಲ್ಲ. ಆದರೆ ಈಗ ಹೌದು ಎಂದರೆ ಮಗಳ ಶಾಲೆ ನಾಳೆ ಬೆಳಿಗ್ಗೆಗೆ ಮುಗಿಯಿತು. ಪುಂಡಲೀಕಪ್ಪ ಹೇಳಿದ್ದು, ಶಿಕ್ಷಕಿ ಹೇಳಿದ್ದು, ತಾನು ನಂಬದೆ ಬಿಟ್ಟ ಎಲ್ಲ ಮಾತುಗಳನ್ನೂ ಈಗ ಒಂದೊಂದಾಗಿ ಆರಿಸಿ ತರಬೇಕಾಯಿತು.

"ಯಕ್ಕಾ, ಗದಗಿನವ್ವಾರಿಗೆ ಗಂಡಸ ಮಕ್ಕಳು ಎಷ್ಟ ಮಂದಿ?"

"ಒಬ್ಬ ಅಂತಾರ."

"ಉಡಿ ತುಂಬಿದ್ದು ಐದ ಮಂದಿಗೆ. ಒಬ್ಬಗ ಐದ ಮಂದಿ ಸೊಸ್ತೇರನ್ನ ಮಾಡ್ಕೊತಾರೇನ್ರಿ? ಅದರಾಗ ಒಬ್ಬಾಕಿ ನಮ್ಮ ಅಮೀನಬಿ ಮಗಳು ಹಸೀನಾ. ಅಕಿಗೂ ತುಂಬ್ಯಾರ. ಅಕೀನ್ನೂ ಒಯ್ತಾರೇನು?"

ಶಂಕ್ರೆವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಈ ಮಾತು ಡೋಣಿಯ ಬಾವಿಕಟ್ಟೆಗೆ ಬಂದಿರಲಿಲ್ಲ. "ಸಾಬರ ಹುಡಿಗಿಗೂ ತುಂಬಿದ್ರ?"

"ಕೇಳ್ರಿ ಬೇಕಂದ್ರ, ಬಾಜೂ ಮನಿ ಐತಿ."

"ಎಲ್ಲಾರಿಗೂ ಒಂದ ನಮೂನಿ ಖಣಾನ ಕೊಟ್ರೇನು?"

ಸಾವಂತ್ರೆವ್ವ ಉತ್ತರ ಹೇಳುವಷ್ಟರಲ್ಲಿ ಶಂಕ್ರೆವ್ವ ಕೈ ಚಾಚಿದಳು. "ನಮ್ಮ ಹುಡಿಗೀದು ತಾ. ನೋಡೂಣು."

ಸಾವಂತ್ರೆವ್ವ ಎದ್ದಳು. ಟ್ರಂಕು ಎಡಕ್ಕೆ, ಹೊಲಿಯಲು ಬಂದ ಅರಿವೆಯ ಗಂಟು ಬಲಕ್ಕೆ. ಕತ್ತರಿ ಹುಡುಕುವವಳ ಹಾಗೆ ಒಂದು ಗಳಿಗೆ ನಿಂತಳು. ಆಮೇಲೆ ಬಲಕ್ಕೆ ಬಗ್ಗಿ, ಗಂಟಿನಿಂದ ಎರಡು ಖಣ ತೆಗೆದಳು. ಒಂದು ಹಸೀನಾಳದು, ಇನ್ನೊಂದು ಬೇರೆ ಹುಡುಗಿಯದು.

"ಇದು ನಮ್ಮಾಕೀದು. ಇದು ಇನ್ನೊಬ್ಬಾಕೀದು."

ಹಸೀನಾಳದನ್ನು ಶಂಕ್ರೆವ್ವನ ಕೈಗೆ ಇಟ್ಟಳು. ಶಂಕ್ರೆವ್ವ ಎರಡನ್ನೂ ಬೆಳಕಿಗೆ ಹಿಡಿದಳು, ಎಳೆದು ನೋಡಿದಳು, ಮೂಗಿನ ಹತ್ತಿರ ಒಯ್ದಳು. ಹುಳುಕು ಹುಡುಕಿದರೂ ಸಿಗದಿದ್ದಾಗ ಅವಳ ಮುಖ ಸಡಿಲಾಯಿತು, ತುಸು ನಿರಾಶೆಯೂ ಆಯಿತೇನೋ.

"ಇಂಥಾ ಜಾಳಜಾಳ ಖಣಾ ಇಟ್ಟು ಯಾರರ ಸೊಸಿ ಗೊತ್ತ ಮಾಡ್ತಾರ? ಗದಗಿನವರ ಕೈನೂ ಬಾಳ ಬಿಗಿ ಬಿಡು," ಎಂದು ನಕ್ಕು ಖಣವನ್ನು ರೇಣುಕವ್ವಳ ಮಡಿಲಿಗೆ ಒಗೆದಳು. "ಹೊಲಿಸ್ಕೊಂಡು ತೊಟ್ಕೋ. ಮುಂದಿನ ಸಲ ಬಂದಾಗ ನೋಡ್ತೀನಿ. ಹೋಗ್ಲಿ ಸಾವಂತ್ರಿ, ಚಾ ಮಾಡು."

ರೇಣುಕವ್ವ ಮಡಿಲಲ್ಲಿ ಬಿದ್ದ ಖಣ ನೋಡಿದಳು, ತಾಯಿಯನ್ನು ನೋಡಿದಳು. ಮತ್ತೆ ಸೇಂಗಾ ಸುಲಿಯತೊಡಗಿದಳು.

ಚಕ್ಕಡಿ ಓಣಿ ದಾಟಿದ ಮೇಲೆ ಮೆಲ್ಲಗೆ ಹೇಳಿದಳು: "ಇದು ಹಸೀನಾಂದು."

"ಸುಮ್ಮನಿರು."

"ಅತ್ತಿ ಕೇಳಿದ್ರ ಏನ ಹೇಳ್ಲಿ?"

"ನಿಂದ ಅಂತ ಹೇಳು."

ಹುಡುಗಿ ಸಿಪ್ಪೆ ಗುಡಿಸಿ ಮೂಲೆಗೆ ಹಚ್ಚಿದಳು. "ಹೇಳ್ತೀನಿ. ಆದ್ರ ನೀ ನನ್ನ ಬಳಿಚೆಂಡು ಬಿಡಸಬಾರದು. ಇನ್ನೊಮ್ಮೆ ಮೈದಾನಕ್ಕ ಬಂದು ಅಕ್ಕಾರನ್ನ ಪೊಲೀಸರ ಹಂಗ ಕೇಳಬಾರದು."

ಸಾವಂತ್ರೆವ್ವ ಮಗಳ ಮುಖವನ್ನೇ ನೋಡಿದಳು. ಹನ್ನೆರಡು ವರ್ಷದ ಹುಡುಗಿ ಇಂಥ ಕರಾರು ಎಲ್ಲಿ ಕಲಿತಳು? "ರೇಣುಕಾ, ಖರೆ ಹೇಳು. ಆ ರೇಷ್ಮಿ ಖಣ ಅವರ ನಿನಗ ಕೊಟ್ರೋ, ಐದರಾಗ ನೀನ ಆರಿಸ್ಕೊಂಡಿಯೋ?"

"ಅವರ ಕೊಟ್ರು," ಎಂದಳು ರೇಣುಕವ್ವ. ಸ್ವಲ್ಪ ಹೊತ್ತಿನ ಮೇಲೆ ನೀರು ತರಲು ಕೊಡ ಎತ್ತಿಕೊಳ್ಳುತ್ತ, "ಕೈಗೆ ಬಂದದ್ದು ತಗೊಂಡೆ," ಎಂದಳು. ಅದು ಮೊದಲಿನ ಉತ್ತರವೇ ಹೌದೋ, ಬೇರೆಯದೋ ತಾಯಿಗೆ ಗೊತ್ತಾಗಲಿಲ್ಲ.

ಶಂಕ್ರೆವ್ವನ ಕಣ್ಣಿಗೆ ಬಿದ್ದ ಮೇಲೆ ನೂಲಿನ ಖಣ ರೇಣುಕವ್ವಳ ಕುಬಸವಾಗಲೇಬೇಕಾಯಿತು. ರೇಷ್ಮೆ ದಡಿಯದು ಹಸೀನಾಳ ಅಳತೆಗೆ ಹೊಲಿಗೆಯಾಯಿತು. ಅಮೀನಬಿ ಬಂದು ಕುಬಸ ಬಿಚ್ಚಿ ನೋಡಿ, ಮಡಿಸಿ, ಮತ್ತೆ ಬಿಚ್ಚಿದಳು.

"ಸಾವಂತ್ರೆವ್ವ, ಇದು ನಮ್ದಲ್ಲ."

"ನಿಮ್ದ ಐತಿ."

"ನಮ್ದು ಇಷ್ಟ ಛಲೋ ಇರ್ಲಿಲ್ಲ ಬೇ."

"ಛಲೋ ಆತಂತ ಜಗಳಾಡಾಕ ಬಂದಾಕಿ ನೀನೊಬ್ಬಾಕಿ ನೋಡು."

"ಜಗಳ ಅಲ್ಲ. ಪುಕ್ಕಟೆ ಯಾರೂ ಛಲೋದು ಕೊಡಂಗಿಲ್ಲ. ಏನರ ಆಗೇತೇನು ಇದಕ್ಕ? ಸುಟ್ಟೈತೇನು ಎಲ್ಲೆರ?" ಅಮೀನಬಿ ದಡಿಯನ್ನು ಉಗುರಿನಿಂದ ಕೆರೆದಳು. ಕಲೆ ಇರಲಿಲ್ಲ, ಹರಕು ಇರಲಿಲ್ಲ. ಅದರಿಂದಲೇ ಅವಳ ಮುಖ ಇನ್ನಷ್ಟು ಗಂಟಾಯಿತು. ಕುಬಸ ಒಯ್ದಳು, ಆದರೆ ಮಗಳಿಗೆ ತೊಡಿಸಲಿಲ್ಲ. ಅಲ್ಲಿಂದ ಮುಂದೆ ಸಾವಂತ್ರೆವ್ವನ ಮನೆಗೆ ಬಂದಾಗಲೆಲ್ಲ ಒಳಗೆ ಏನೋ ಹುಡುಕುವ ಹಾಗೆ ಕತ್ತು ಚಾಚಿ ನೋಡುವುದು ಅಭ್ಯಾಸವಾಯಿತು. ಸಾವಂತ್ರೆವ್ವನಿಗೆ ಆ ನೋಟ ಗುರುತಿತ್ತು, ಅದು ತನ್ನದೇ ನೋಟ.

ಮರುವರ್ಷ ನವೆಂಬರದಲ್ಲಿ ರಾಜ್ಯ ಒಂದಾಯಿತು. ಶಾಲೆಗೆ ತೋರಣ ಕಟ್ಟಿದರು, ಪೇಢೆ ಹಂಚಿದರು, ಹುಡುಗಿಯರು ಬಳಿಚೆಂಡು ಆಡಿ ತೋರಿಸಬೇಕೆಂದಾಯಿತು. ಗದಗಿನವರು ಮತ್ತೆ ಬಂದರು. ಈ ಸಲ ಸಾವಂತ್ರೆವ್ವ ಮಷಿನ್ನು ಮುಚ್ಚಿಟ್ಟು ಹೋಗಿ ಹೆಂಗಸರ ಸಾಲಿನಲ್ಲಿ ಕೂತಳು. ಕೂತದ್ದು ಆಟ ನೋಡಲಿಕ್ಕಲ್ಲ, ನೀಲಗಂಗವ್ವನ ಕಣ್ಣು ನೋಡಲಿಕ್ಕೆ. ಆ ಕಣ್ಣು ಚೆಂಡಿನ ಹಿಂದೆ ಹೋಯಿತು, ಗಂಟೆಯ ಕಡೆ ಹೋಯಿತು, ಒಮ್ಮೆ ಆಕಳಿಸಿ ಮುಚ್ಚಿಯೂ ಹೋಯಿತು. ಶಮಶಾದಬಿ ಈ ದಿನ ಪಾಳಿ ತಪ್ಪಿಸಲಿಲ್ಲ, ಗಂಟೆ ಬಾರಿಸಿದಾಗಲೆಲ್ಲ ಜಾಗ ಬದಲಾಯಿಸಿದಳು. ಅದೂ ಸಾವಂತ್ರೆವ್ವನ ಲಕ್ಷ್ಯಕ್ಕೆ ಬಂತು.

ಆಟ ಮುಗಿದ ಮೇಲೆ ಉಡಿ ತುಂಬಲಿಲ್ಲ, ಎಲ್ಲರಿಗೂ ಬರೆಯುವ ಒಂದೊಂದು ಪಾಟಿ ಕೊಟ್ಟರು. ರೇಣುಕವ್ವಳ ಪಾಳಿ ಬಂದಾಗ ನೀಲಗಂಗವ್ವ ಪಾಟಿ ಕೊಡುತ್ತ ಕೊಡುತ್ತ ಹುಡುಗಿ ತೊಟ್ಟಿದ್ದ ಆ ನೂಲಿನ ಖಣದ ಕುಬಸದ ತೋಳಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿದಳು. ಅರಿವೆ ಬಲ್ಲವರು ಉಜ್ಜುವ ಹಾಗೆ. ಒಂದು ಗಳಿಗೆ ಹಾಗೇ ಹಿಡಿದಿದ್ದಳು.

"ಹೊಲಿಗ್ಗಿ ಛಂದ ಐತಿ. ಯಾರು ಹೊಲದಾರ?"

"ನಮ್ಮವ್ವ್ರೀ."

"ಓದ್ತೀಯೇನು ಮುಂದ?"

"ಮುಲ್ಕಿಗೆ ಕುಂಡ್ರತೀನ್ರಿ."

"ಕುಂಡ್ರು," ಎಂದು ನೀಲಗಂಗವ್ವ ಮುಂದಿನ ಹುಡುಗಿಗೆ ಪಾಟಿ ಎತ್ತಿಕೊಂಡಳು.

ಮುಂದಿನ ಬೇಸಿಗೆಯಲ್ಲಿ ರೇಣುಕವ್ವ ಮುಲ್ಕಿಗೆ ಕೂತಳು, ಪಾಸಾದಳು. ಅಲ್ಲಿಯ ತನಕ ಶಂಕ್ರೆವ್ವ ಕೊಟ್ಟ ಮಾತಿನಂತೆ ಕಾದಳು. ಶಮಶಾದಬಿಗೆ ಶಿರಹಟ್ಟಿಗೆ ವರ್ಗವಾಯಿತು, ಹೋಗುವಾಗ ಸಾವಂತ್ರೆವ್ವನ ಮನೆಗೆ ಹೇಳಿಹೋಗಲು ಬಂದಿದ್ದಳು. ಸಾವಂತ್ರೆವ್ವ ಚಹಾ ಕೊಟ್ಟಳು, ಆ ದಿನದ ಪಾಳಿಯ ಬಗ್ಗೆ ಕೇಳಬೇಕೆಂದಿದ್ದನ್ನು ಕೇಳಲಿಲ್ಲ.

ನೀಲಗಂಗವ್ವನ ಆ ಬೆರಳು ರೇಷ್ಮೆಯ ದಡಿಯನ್ನು ಹುಡುಕಿತೋ, ಬರೀ ಹೊಲಿಗೆಯನ್ನು ಮೆಚ್ಚಿತೋ ತಿಳಿಯದು. ಐದನೆಯ ಖಣ ಹಾಸು ಮುಗಿದದ್ದಕ್ಕೆ ಬಂತೋ, ಬೇಕೆಂದೇ ಬಂತೋ ಅದೂ ತಿಳಿಯದು. ನೀಲಗಂಗವ್ವನ ಮಗನನ್ನು ಮುಂಡರಗಿಯವರು ಯಾರೂ ಕಂಡಿರಲಿಲ್ಲ, ಅವನಿಗೆ ಊನ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಡೋಣಿಗೆ ಸುದ್ದಿ ಒಯ್ದವರು ಯಾರೆಂದು ಶಂಕ್ರೆವ್ವ ಕೊನೆಯ ತನಕ ಹೇಳಲಿಲ್ಲ.